ನಾಲ್ಕು ಚಮಚ ಪೂರ್ತಿ ಹಾಕು

ಸೊಸೆಮ್ಮಾ,

ಆಸ್ಪತ್ರೆಯಲ್ಲಿ ಟೋಕನ್ ಹಿಡಿಯಲು ಮುಂಚೆಯೇ ಹೊರಟಿದ್ದೇನೆ. ನಿನಗೆ ಆಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಹತ್ತು ಗಂಟೆಗೆ ಮಗಳನ್ನು ಕರೆದುಕೊಂಡು ಬಾ.

ಹೊರಡುವ ಮೊದಲು ಅವಳ ಮೂಗಿಗೆ ಹಾಕಿರುವ ಊಟದ ಪೈಪಿಗೆ ಹಾಲಿನ ಪುಡಿ ಕಲಸಿ ಕೊಡು. ನೀರು ಕುದಿಸಿ ಆರಿಸಿ ಮುಚ್ಚಿಟ್ಟಿದ್ದೇನೆ. ಲೋಟಕ್ಕೆ ನಾಲ್ಕು ಚಮಚ ಪೂರ್ತಿ ಹಾಕು. ನೀನು ನಾಲ್ಕೇ ಹಾಕುತ್ತೀ, ನನಗೆ ಗೊತ್ತು. ನೀನು ಕೆಲಸಕ್ಕೆ ಹೋದ ಮೇಲೆ ಎರಡೇ ಹಾಕುತ್ತಿದ್ದವಳು ನಾನು.

ಕ್ಯಾನ್ಸರ್ ಔಷಧಿ ಏರಿಸಿದ ಮೇಲೆ ಅವಳು ವಾಂತಿ ಮಾಡುವುದನ್ನು ನೋಡಲಾಗದೆ ತೆಳ್ಳಗೆ ಮಾಡಿದೆ. ನಿನ್ನ ಗಂಡನಿಗೆ ಮೂರು ವರ್ಷವಿದ್ದಾಗ ಭೇದಿ ಹತ್ತಿ ಕಣ್ಣು ಗುಳಿ ಬಿದ್ದಿತ್ತು. ಆಗ ತಿಳಿಗಂಜಿ ಕೊಟ್ಟೇ ಉಳಿಸಿಕೊಂಡಿದ್ದೆ. ಅದೇ ಹಳೇ ಬುದ್ಧಿ. ಮಗುವಿಗೆ ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ.

ನಿನ್ನೆ ಪಥ್ಯದ ಮೇಡಂ, "ತೂಕ ಏರದೆ ಮುಂದಿನ ಔಷಧಿ ಹೇಗಮ್ಮಾ ಕೊಡೋದು? ಅಳತೆ ಸರಿಯಾಗಿ ಹಾಕ್ತೀರೋ ಇಲ್ವೋ?" ಎಂದು ನಿನ್ನನ್ನು ಕೇಳಿದರು. ನಾನು ಪಕ್ಕದಲ್ಲೇ ಕೂತು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನೀನು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದನ್ನೂ ನೋಡಿದೆ.

ಹಾಲನ್ನು ನಿಧಾನವಾಗಿ ಬಿಡು. "ಮೂಗಿಗೇ ಊಟ ಹಾಕಿದ್ರೆ ಬಾಯಿಗೇನು?" ಎಂದು ನಿನ್ನ ಮಗಳು ಜಗಳ ತೆಗೆಯುತ್ತಾಳೆ. ಮೊಟ್ಟೆ ಬೇಯಿಸಿಟ್ಟಿದ್ದೇನೆ, ತಿಂದಷ್ಟು ತಿನ್ನಲಿ. ವಾಂತಿ ಮಾಡಿಕೊಂಡರೂ ನೀರು ಹೆಚ್ಚು ಬೆರೆಸಬೇಡ, ಮೇಡಂ ಅವರನ್ನೇ ಕೇಳೋಣ.

ನೀನು ಬರುವಷ್ಟರಲ್ಲಿ ಅವರಿಗೆ ನಾನೇ ಎಲ್ಲ ಹೇಳಿರುತ್ತೇನೆ. ನನ್ನನ್ನು ಬೈಯುವುದಿದ್ದರೆ ಮನೆಗೆ ಬಂದು ಬೈಯಿ, ಕೇಳಿಸಿಕೊಳ್ಳುತ್ತೇನೆ. ಅಲ್ಲಿ ಯಾರಾದರೂ ತಪ್ಪು ಯಾರದು ಎಂದರೆ ಸುಮ್ಮನೆ ನನ್ನ ಕಡೆ ಕೈ ತೋರಿಸು.

ನಿನ್ನ ಅತ್ತೆ