ಸಾಲಿನ ಕೊನೆಯ ಜಾಗದ ಬಗ್ಗೆ ಸಂಚಾರ ವಿಭಾಗದ ಮುಖ್ಯಸ್ಥರಿಗೆ

ಪುರಸಭೆಯ ಸಂಚಾರ ವಿಭಾಗದ ಮುಖ್ಯಸ್ಥರೇ,

ನನಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಆದೇಶದ ಮೊದಲ ಸಾಲು ಬೇರೆಯದನ್ನೇ ಹೇಳುತ್ತದೆ. "ವಯೋಸಹಜ ಗೊಂದಲಕ್ಕೆ ಒಳಗಾದ ಸದಸ್ಯರೊಬ್ಬರು ರಸ್ತೆಬದಿಯಲ್ಲಿ ಏಕಾಂಗಿಯಾಗಿ ಪತ್ತೆಯಾದ ಹಿನ್ನೆಲೆಯಲ್ಲಿ" ಎಂದು ಅದು ಶುರುವಾಗುತ್ತದೆ. ಆ ಸದಸ್ಯ ನಾನೇ, ರಂಗೆಲ್. ಪತ್ತೆಯಾಗುವುದಕ್ಕೆ ನಾನು ಕಳೆದುಹೋಗಿರಲಿಲ್ಲ. ನಾನು ಎಲ್ಲಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಉಳಿದವರಿಗೆ.

ಆದೇಶದ ಮಿಕ್ಕ ಭಾಗವೂ ಓದಲು ಚೆನ್ನಾಗಿದೆ. ಅರವತ್ತೈದು ದಾಟಿದವರು ಮೂರಕ್ಕಿಂತ ಹೆಚ್ಚು ಬೈಕುಗಳಲ್ಲಿ ಒಟ್ಟಿಗೆ ಹೋಗಕೂಡದು. ಹೋಗಲೇಬೇಕಿದ್ದರೆ ಪ್ರತಿಯೊಬ್ಬರೂ ಮನೋವೈದ್ಯರಿಂದ ಪ್ರಮಾಣಪತ್ರ ತರಬೇಕು, ಸಾಲಿನ ಮುಂದೊಂದು ಹಿಂದೊಂದು ಕಾರು ಇರಬೇಕು. ನಮ್ಮ ಊರಲ್ಲಿ ಮನೋವೈದ್ಯರಿಲ್ಲ. ಇದ್ದೊಬ್ಬರು ಊರು ಬಿಟ್ಟು ಹೋದರು, ಯಾಕೆ ಹೋದರೆಂದು ನಿಮ್ಮ ಕಚೇರಿಗೆ ಒಂದು ಸಲ ಬಂದವರಿಗೆ ಅರ್ಥವಾಗುತ್ತದೆ. ಈ ಆದೇಶವನ್ನು ನಿಮ್ಮವರು ನಮ್ಮ ಬೈಕ್ ಕ್ಲಬ್ಬಿನ ಗ್ಯಾರೇಜಿನ ಬಾಗಿಲಿಗೆ, ತೀರಿಹೋದ ನಮ್ಮ ಸದಸ್ಯ ಜಪ್ರಿಯಾನನ ಫೋಟೋ ಇರುವ ಸಾವಿನ ಸುದ್ದಿಯ ಹಾಳೆಯ ಪಕ್ಕದಲ್ಲೇ ಅಂಟಿಸಿ ಹೋದರು. ಎರಡೂ ಒಂದೇ ಅಳತೆ, ಎರಡಕ್ಕೂ ಕಪ್ಪು ಅಂಚು. ಮಾರುಕಟ್ಟೆಗೆ ಹೋಗುವ ಹೆಂಗಸರು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಈಗ ಇನ್ಯಾರು ಹೋದ್ರಪ್ಪಾ?" ಎಂದು ಕೇಳುತ್ತಿದ್ದಾರೆ. ನಾನೇ ಎಂದು ಹೇಳುತ್ತಿದ್ದೇನೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಮನೆಗೆ ಸೇರಿದವನು. ನಿಮ್ಮ ಹಾಗೆ ಬರೆಯಲು ಬರುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಯಾಕೆಂದರೆ ಬರುವ ಭಾನುವಾರ ಜಪ್ರಿಯಾನ್ ಸತ್ತು ಒಂದು ವರ್ಷ. ಅವತ್ತು ನಮ್ಮ ಇಡೀ ಕ್ಲಬ್ಬು ಅವನ ಹಳ್ಳಿಯ ಸ್ಮಶಾನಕ್ಕೆ ಬೈಕಿನಲ್ಲಿ ಹೋಗಬೇಕು. ನಿಮ್ಮ ಆದೇಶದ ಪ್ರಕಾರ ಹೋಗಲಾಗುವುದಿಲ್ಲ. ನನ್ನ ತಕರಾರು ಇಷ್ಟೇ.

ನಾವು ಹೇಗೆ ಹೋಗುತ್ತೇವೆಂದು ನಿಮಗೆ ಗೊತ್ತಿಲ್ಲ. ಮುಂದೆ ಹರಲಾಂಪಿ. ಅವನು ನಮ್ಮ ಮುಖಂಡ, ಯಾಕೆಂದರೆ ಅವನಿಗಿಂತ ನಿಧಾನವಾಗಿ ಯಾರಿಂದಲೂ ಓಡಿಸಲಾಗುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಯಿತು, ಚಾಲಕ ಕೈಬೀಸಿದ, ನಾವೂ ಬೀಸಿದೆವು. ಅವನ ಹಿಂದೆ ಉಳಿದವರು, ನಡುವೆ ನಡುವೆ ಅಂತರ ಬಿಟ್ಟುಕೊಂಡು. ಪ್ರತಿಯೊಬ್ಬನೂ ತನ್ನ ಮುಂದಿನವನ ಬೆನ್ನನ್ನು ಮಾತ್ರ ನೋಡಬೇಕು. ಹಿಂದೆ ತಿರುಗಿ ನೋಡಿದರೆ ಈ ವಯಸ್ಸಿನಲ್ಲಿ ಕತ್ತು ಉಳುಕುತ್ತದೆ, ಬೈಕು ಕತ್ತು ತಿರುಗಿದ ಕಡೆಗೇ ಹೋಗುತ್ತದೆ. ನಮ್ಮ ಹಳೆಯ ಗಾಡಿಗಳ ಕನ್ನಡಿಗಳು ನಡುಗುವ ನಡುಕದಲ್ಲಿ ಹಿಂದಿರುವುದು ಬೈಕೋ ಎಮ್ಮೆಯೋ ತಿಳಿಯುವುದಿಲ್ಲ. ಅದಕ್ಕೇ ಸಾಲಿನ ಕಟ್ಟಕಡೆಗೆ ಒಬ್ಬ ಇರುತ್ತಾನೆ. ಅವನಿಗೆ ಬಾಲ ಎನ್ನುತ್ತೇವೆ. ಎಲ್ಲರ ಸಲಕರಣೆಯೂ ಬಾಲದ ಬಳಿಯೇ ಇರುತ್ತದೆ. ನಿನ್ನ ಗಾಡಿ ನಿಂತರೆ ನೀನು ಕೂಗಬೇಕಿಲ್ಲ, ಯಾರ ಹಿಂದೆಯೂ ಓಡಬೇಕಿಲ್ಲ. ಗಾಡಿಯನ್ನು ಬದಿಗೆ ತಳ್ಳಿ ಕೂರಬೇಕು. ಬಾಲ ಬರುತ್ತದೆ.

ಮೂವತ್ತು ವರ್ಷ ನಮ್ಮ ಬಾಲ ಜಪ್ರಿಯಾನ್. ಸೈಡ್‌ಕಾರ್ ಇದ್ದ ಹಳೇ ಜಾವಾ. ಸೈಡ್‌ಕಾರಿನಲ್ಲಿ ಸಲಕರಣೆ, ಸಲಕರಣೆಯ ಮೇಲೆ ಅವನ ಹೆಂಡತಿ ದೊನ್ಕಾ, ಅವಳ ಮಡಿಲಲ್ಲಿ ಬನಿತ್ಸಾ ತುಂಬಿದ ತಟ್ಟೆ. ಯಾರದೇ ಗಾಡಿ ನಿಂತರೂ ಅವನು ಬಂದು, ಬೈದು, ಸರಿ ಮಾಡಿ, ಚೀಸು ತುಂಬಿದ ಒಂದು ತುಂಡು ಬನಿತ್ಸಾ ತಿನ್ನಿಸಿ ಮುಂದೆ ಕಳಿಸುತ್ತಿದ್ದ. ಕೆಲವರು ಹಸಿವಾದಾಗ ಬೇಕೆಂದೇ ಗಾಡಿ ನಿಲ್ಲಿಸುತ್ತಿದ್ದರು ಎಂಬ ಮಾತಿದೆ.

ನಮ್ಮಲ್ಲಿ ಯಾರು ಸತ್ತರೂ ಒಂದು ವರ್ಷ ಸಾಲಿನಲ್ಲಿ ಅವನ ಜಾಗಕ್ಕೆ ಬೇರೆ ಯಾರೂ ಹೋಗುವುದಿಲ್ಲ. ಅಷ್ಟು ಉದ್ದದ ರಸ್ತೆ ಖಾಲಿ ಬಿಟ್ಟು ಹೋಗುತ್ತೇವೆ. ವರ್ಷ ತುಂಬಿದ ದಿನ ಸಮಾಧಿಗೆ ಹೋಗಿ, ಸಕ್ಕರೆ ಹಾಕಿ ಬೇಯಿಸಿದ ಗೋಧಿ ಹಂಚಿ, ನೆಲಕ್ಕೆ ಅವನ ಪಾಲಿನ ರಕಿಯಾ ಸಾರಾಯಿ ಸುರಿದು, ಬರುವಾಗ ಸಾಲನ್ನು ಕೂಡಿಸಿಕೊಂಡು ಬರುತ್ತೇವೆ. ಇಷ್ಟು ವರ್ಷ ಸತ್ತವರೆಲ್ಲ ನಡುವಿನವರು. ನಡುವೆ ಖಾಲಿ ಬಿಟ್ಟರೆ ಏನೂ ಆಗುವುದಿಲ್ಲ. ಬಾಲ ಸತ್ತದ್ದು ಇದೇ ಮೊದಲು. ಬಾಲದ ಜಾಗ ಖಾಲಿ ಬಿಟ್ಟರೆ ಏನಾಗುತ್ತದೆಂದು ನಮ್ಮಲ್ಲಿ ಒಬ್ಬನೂ ಯೋಚಿಸಲಿಲ್ಲ. ಎಲ್ಲರ ವಯಸ್ಸು ಕೂಡಿಸಿದರೆ ಸಾವಿರದ ಹತ್ತಿರ ಬರುತ್ತದೆ. ಆದರೂ ಯೋಚಿಸಲಿಲ್ಲ.

ನಾನು "ಪತ್ತೆಯಾದ" ಆ ದಿನ ನಾವು ಮಠದ ಕಡೆಗೆ ಹೊರಟಿದ್ದೆವು. ಖಾಲಿ ಜಾಗದ ಮುಂದಿನವನು ನಾನು. ನನ್ನ ಮುಂದೆ ಸ್ಪಾಸ್, ಅವನಿಗೆ ಎರಡೂ ಕಿವಿ ಕೇಳಿಸುವುದಿಲ್ಲ. ಸೂರ್ಯಕಾಂತಿ ಹೊಲಗಳ ನಡುವೆ ನನ್ನ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪ್ಲಗ್ ಹೋಗಿತ್ತು. ಪ್ಲಗ್ ಬಿಚ್ಚುವ ಸ್ಪ್ಯಾನರು ಜಪ್ರಿಯಾನನ ಸೈಡ್‌ಕಾರಿನಲ್ಲಿ, ಸೈಡ್‌ಕಾರ್ ದೊನ್ಕಾಳ ಕೊಟ್ಟಿಗೆಯಲ್ಲಿ. ಫೋನು ಮನೆಯ ಫ್ರಿಜ್ಜಿನ ಮೇಲೆ. ಬೈಕಿನ ಸದ್ದಿನಲ್ಲಿ ಕೇಳಿಸದ ಫೋನನ್ನು ಹೊತ್ತು ತಿರುಗುವ ಮೂರ್ಖ ನಾನಲ್ಲ. ಗಾಡಿಯನ್ನು ಬದಿಗೆ ತಳ್ಳಿದೆ, ಮೈಲಿಗಲ್ಲಿನ ಮೇಲೆ ಕೂತೆ, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡೆ, ಕಾಯತೊಡಗಿದೆ.

ಮುಖ್ಯಸ್ಥರೇ, ಸ್ವಲ್ಪ ಹೊತ್ತಿನವರೆಗೆ ನನಗೆ ನಿಜವಾಗಿಯೂ ಅವನು ಬರುತ್ತಾನೆ ಎಂದೇ ಇತ್ತು. ಈ ಸಲ ಏನೆಂದು ಬೈಯುತ್ತಾನೋ, ಏನು ತಿರುಗೇಟು ಕೊಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ ನೆನಪಾಯಿತು. ಅವನ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಎಡಗಡೆ, ಹಿಂದಿನ ಮೂಲೆ. ನೆನಪಾದ ಮೇಲೂ ಎದ್ದು ಹೋಗಲು ಮನಸ್ಸು ಬರಲಿಲ್ಲ. ಕೂತೇ ಇದ್ದೆ. ಇದು ರೋಗವಾದರೆ ಔಷಧಿಯ ಹೆಸರು ಹೇಳಿ.

ಯಾರೋ ಕಾರಿನವರು ನೋಡಿ ಫೋನ್ ಮಾಡಿದರಂತೆ. ಪೊಲೀಸಿನವನು ಬಂದ. ಒಳ್ಳೆಯ ಹುಡುಗ, ಬೂಟು ಹೊಸದು.

"ತಾತ, ಇಲ್ಯಾಕೆ ಕೂತಿದೀರಾ?"

"ಕಾಯ್ತಾ ಇದೀನಿ."

"ಯಾರಿಗೆ?"

"ಜಪ್ರಿಯಾನ್‌ಗೆ."

"ಅವ್ರು ಎಲ್ಲಿದಾರೆ ಈಗ?"

"ಮಣ್ಣಲ್ಲಿ. ಹೋದ ವರ್ಷ ನಾವೇ ಇಟ್ಟು ಬಂದ್ವಿ."

ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಗುವನ್ನು ಮಾತಾಡಿಸುವ ಹಾಗೆ ಕೇಳಿದ: "ತಾತ, ಇವತ್ತು ಯಾವ ತಾರೀಕು, ಹೇಳ್ತೀರಾ?"

"ಯಾಕಪ್ಪಾ, ನಿಮ್ಮ ಠಾಣೇಲಿ ಕ್ಯಾಲೆಂಡರ್ ತಗಲಾಕಿಲ್ವಾ?"

ನಿಮ್ಮ ಆದೇಶದಲ್ಲಿ ಇದು "ದಿನಾಂಕ ತಿಳಿಸಲು ಅಸಮರ್ಥರಾಗಿದ್ದರು" ಎಂದಾಗಿದೆ.

ಅತ್ತ ಮಠದ ಬಳಿಯ ಹೋಟೆಲಿನಲ್ಲಿ ಹರಲಾಂಪಿ ಎಲ್ಲರಿಗೂ ಹುರುಳಿಕಾಯಿ ಬೀಜದ ಸೂಪು ಹೇಳಿದ್ದ. ತಲೆ ಎಣಿಸಲಿಲ್ಲ, ಹೊರಟಾಗ ಎಷ್ಟು ಜನರಿದ್ದರೋ ಅಷ್ಟು ತಟ್ಟೆ. ಒಂದು ತಟ್ಟೆಯ ಮುಂದೆ ಯಾರೂ ಕೂರಲಿಲ್ಲ. ಅದನ್ನು ಮೊದಲು ನೋಡಿದವನು ಸ್ಪಾಸ್. "ಜಪ್ರಿಯಾನ್‌ಗೂ ಇಟ್ಟಿದೀಯಲ್ಲೋ ಹರಲಾಂಪಿ, ದೊಡ್ಡ ಮನಸ್ಸು ಕಣೋ ನಿಂದು," ಎಂದು ಕಣ್ಣೊರೆಸಿಕೊಂಡನಂತೆ. ಹರಲಾಂಪಿಗೆ ತಾನು ಇಟ್ಟ ನೆನಪಿಲ್ಲ, ಆದರೆ ಹೊಗಳಿಕೆ ಬಂದಾಗ ಬೇಡವೆನ್ನುವವನಲ್ಲ. ಎಲ್ಲರೂ ಎದ್ದು, ಟೊಪ್ಪಿ ತೆಗೆದು, ನನ್ನ ಸೂಪಿನ ಮುಂದೆ ತಲೆ ತಗ್ಗಿಸಿ ನಿಂತರು. ನನ್ನ ಸೂಪಿನ ಪಕ್ಕ ನೆಲಕ್ಕೆ ರಕಿಯಾ ಸುರಿದರು. ಉಳಿದವರು ಕುಡಿದದ್ದು ನಿಂಬೆ ಶರಬತ್ತು. ಅವತ್ತು ಕುಡಿದದ್ದು ನೆಲ ಒಂದೇ, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ನಾನು ಪೊಲೀಸ್ ಜೀಪಿನಿಂದ ಇಳಿದು ಒಳಗೆ ಬಂದಾಗ ಹರಲಾಂಪಿ ನನಗಾಗಿ, ಅಂದರೆ ಜಪ್ರಿಯಾನನಿಗಾಗಿ, ಭಾಷಣ ಮಾಡುತ್ತಿದ್ದ. ನನ್ನನ್ನು ನೋಡಿ, "ಎಲ್ಲಿ ಹೋಗಿದ್ಯೋ, ಶ್ರದ್ಧಾಂಜಲಿಗೂ ತಡವಾಗಿ ಬರ್ತೀಯಾ?" ಎಂದ. ಸೂಪು ತಣ್ಣಗಾಗಿತ್ತು.

ಈಗ ನನ್ನ ಪ್ರಶ್ನೆಗಳು. ಇಳಿಜಾರಿನಲ್ಲಿ ಒಂದೇ ಚಕ್ರದ ಮೇಲೆ ಹೋಗುವ ಇಪ್ಪತ್ತರ ಪಡ್ಡೆಗಳ ತಲೆಗೆ ಪ್ರಮಾಣಪತ್ರ ಬೇಡವೇ? ನಾವು ಯಾರಿಗೆ ಡಿಕ್ಕಿ ಹೊಡೆದೆವು? ಟ್ರ್ಯಾಕ್ಟರಿಗಿಂತ ಹಿಂದೆ ಇರುವವರು ಯಾರಿಗೆ ತಾನೇ ಹೊಡೆಯಲು ಸಾಧ್ಯ? ನಿಮ್ಮ ಕಚೇರಿಗೆ ಈ ವಿಚಾರ ಮಾತಾಡಲು ಬಂದಿದ್ದೆ. ಕಿಟಕಿಯ ಹಿಂದೆ ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್. ಸ್ವೆಟರಿನ ಒಡತಿ ಈಗ ಬರುತ್ತಾರೆ ಎಂದರು. ಪಡಸಾಲೆ ತುಂಬ ಜನ ಆ ಸ್ವೆಟರನ್ನೇ ನೋಡುತ್ತ ಕೂತಿದ್ದರು. ಯಾರೂ ಬರಲಿಲ್ಲ. ಬಾರದವರಿಗಾಗಿ ಕಾಯುವುದು ಗೊಂದಲದ ಲಕ್ಷಣವಾದರೆ, ನಿಮ್ಮ ಪಡಸಾಲೆಗೇ ಮೊದಲು ಪೊಲೀಸರನ್ನು ಕಳಿಸಿ ತಾರೀಕು ಕೇಳಿಸಬೇಕಿತ್ತು.

ಹೀಗೆಲ್ಲ ಬರೆದರೂ ತಪ್ಪು ಪೂರ್ತಿ ನಿಮ್ಮದಲ್ಲ, ಅದನ್ನೂ ಹೇಳುತ್ತೇನೆ. ಗುರುವಾರ ನಾವೆಲ್ಲ ದೊನ್ಕಾಳ ಮನೆಗೆ ಹೋದೆವು. ಹೋದದ್ದು ಸಲಕರಣೆಯ ಚೀಲ ಕೇಳಿ ತರಲು. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು. ಹರಲಾಂಪಿ ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಬಾಲ ಇಲ್ದೆ ಕಷ್ಟ ಆಗಿದೆ. ನಮ್ಮ ರಂಗೆಲ್‌ನ ದಾರೀಲೇ ಬಿಟ್ಟು ಹೋಗ್ಬಿಟ್ವಿ," ಎಂದ.

"ಗೊತ್ತು. ಊರಿಗೆಲ್ಲ ಗೊತ್ತು," ಎಂದಳು. "ಮೂವತ್ತು ವರ್ಷ ನಿಮ್ಮನ್ನ ಕಾಯ್ದೋರು ಯಾರು ಅಂದ್ಕೊಂಡಿದೀರಿ?"

"ಜಪ್ರಿಯಾನ್ ಅಲ್ವಾ?"

"ಜಪ್ರಿಯಾನ್‌ಗೆ ತನ್ನ ಮುಂದಿನ ಚಕ್ರದ ಆಚೆ ಏನೂ ಕಾಣ್ತಿರ್ಲಿಲ್ಲ ಮಾರಾಯಾ! ಕನ್ನಡಕ ಹಾಕ್ಕೊಳ್ಳೋಕೆ ನಾಚಿಕೆ ಅವನಿಗೆ, ನಿಮ್ಮೆದುರು. 'ಅಲ್ಲಿ ಪೊದೆ ಪಕ್ಕ ರಂಗೆಲ್ ನಿಂತಿದಾನೆ, ನಿಲ್ಸು' ಅಂತ ತೊಡೆಗೆ ಗುದ್ದಿ ಗುದ್ದಿ ಹೇಳ್ತಿದ್ದೋಳು ನಾನು. ಸ್ಪ್ಯಾನರ್ ಆರಿಸಿ ಕೈಗೆ ಕೊಡ್ತಿದ್ದೋಳು ನಾನು. ಅವನು ಸತ್ತ. ಅವನ ಜಾಗ ಖಾಲಿ ಬಿಟ್ರಿ, ಒಳ್ಳೇದು ಮಾಡಿದ್ರಿ. ನನ್ನ ಜಾಗ ಯಾಕ್ರೋ ಖಾಲಿ ಬಿಟ್ರಿ? ನಾನೇನು ಸತ್ತಿದ್ನಾ?"

ಸ್ಪಾಸ್‌ಗೆ ಕೇಳಿಸಿರಲಿಲ್ಲ, ಆದರೂ ಅವನೇ ಮೊದಲು ಟೊಪ್ಪಿ ತೆಗೆದ.

ಮುಖ್ಯಸ್ಥರೇ, ದೊನ್ಕಾ ಮದುವೆಗೆ ಮುಂಚೆ ಗುಡ್ಡದ ಹಳ್ಳಿಗಳಿಗೆ ಅಂಚೆ ಹಂಚುತ್ತಿದ್ದವಳು, ಹಂಚುತ್ತಿದ್ದದ್ದು ಬೈಕಿನ ಮೇಲೆ. ಜಪ್ರಿಯಾನನನ್ನು ಮೊದಲು ಹಿಂದೆ ಕೂರಿಸಿಕೊಂಡು ಹೋದದ್ದು ಅವಳೇ. ಅವಳ ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆ. ಅವಳು ಅವತ್ತೇ ತೀರ್ಮಾನ ಹೇಳಿದಳು: ಭಾನುವಾರ ಗಾಡಿ ಓಡಿಸುವವಳು ಅವಳು. ಖಾಲಿ ಜಾಗ ಬೇಕಿದ್ದರೆ ಅದು ಸೈಡ್‌ಕಾರಿನಲ್ಲಿರಲಿ, ಸಲಕರಣೆಯ ಮೇಲೆ. ಅಲ್ಲಿ ಜಪ್ರಿಯಾನ್ ಆರಾಮವಾಗಿ ಕೂತು ಬರಲಿ, ಈ ಸಲ ಬನಿತ್ಸಾ ಅವನೇ ಹಿಡಿದುಕೊಳ್ಳಲಿ. ಹರಲಾಂಪಿ, "ಸಂಪ್ರದಾಯದಲ್ಲಿ ಹಾಗಿಲ್ವಲ್ಲ ಅತ್ತಿಗೆ," ಎಂದು ಶುರುಮಾಡಿದ. ಅವಳು ಸುಟ್ಟ ಮೆಣಸಿನಕಾಯಿ ಹಿಡಿದ ಇಕ್ಕಳವನ್ನು ಅವನತ್ತ ತಿರುಗಿಸಿದಳು. ಸಂಪ್ರದಾಯದಲ್ಲಿ ಹಾಗೆ ಇದೆ ಎಂದು ಅವನಿಗೆ ನೆನಪಾಯಿತು. ಚೀಲವನ್ನು ನಮಗೆ ಕೊಡಲಿಲ್ಲ.

ಹಾಗಾಗಿ ನಿಮ್ಮ ಸುರಕ್ಷತೆಯ ವಿಷಯ ಮುಗಿಯಿತು. ಸಾಲಿಗೆ ಬಾಲ ಬಂದಿದೆ, ಬಾಲಕ್ಕೆ ಕಣ್ಣಿದೆ, ಮೊದಲೂ ಆ ಕಣ್ಣೇ ಇತ್ತು. ಆದರೆ ಅವಳು ಮೂರು ಬೈಕಿನ ಬಾಲವಾಗಲಾರಳು. ಜಪ್ರಿಯಾನ್ ಮೂರು ಜನರನ್ನು ಕಾಯ್ದವನಲ್ಲ. ಅವನ ಸಮಾಧಿಗೆ ಎಲ್ಲರೂ ಒಂದೇ ಸಾಲಿನಲ್ಲಿ ಬರುವುದನ್ನು ಅವಳು ಹಿಂದಿನಿಂದ ನೋಡಬೇಕು. ವರ್ಷ ತುಂಬುವುದು ಒಂದೇ ಸಲ, ಮುಂದಿನ ತಿಂಗಳು ಅರ್ಜಿ ಪರಿಶೀಲಿಸುತ್ತೇವೆ ಎನ್ನಬೇಡಿ. ಆದೇಶವನ್ನು ಭಾನುವಾರದ ಒಳಗೆ ವಾಪಸ್ ತೆಗೆದುಕೊಳ್ಳಿ. ನನ್ನ ಬಗ್ಗೆ ಬರೆದ ಆ ಮೊದಲ ಸಾಲನ್ನು ಹೊಡೆದುಹಾಕಿ. ಬಾಗಿಲಿಂದ ಕೀಳುವಾಗ ಜಾಗ್ರತೆ, ಪಕ್ಕದಲ್ಲಿ ಜಪ್ರಿಯಾನನ ಫೋಟೋ ಇದೆ, ಹರಿಯಬಾರದು.

ಇನ್ನೊಂದು ವಿಷಯ, ಮುಂಚಿತವಾಗಿಯೇ ತಿಳಿಸುತ್ತಿದ್ದೇನೆ. ನನ್ನ ಗಾಡಿಗೆ ಹೊಸ ಪ್ಲಗ್ ಹಾಕಿಸಿದ್ದೇನೆ, ಅದು ಕೆಡುವುದಿಲ್ಲ. ಆದರೂ ಭಾನುವಾರ, ಜಪ್ರಿಯಾನನ ಹಳ್ಳಿಗೂ ಅದೇ ದಾರಿಯಾದ್ದರಿಂದ, ಆ ಸೂರ್ಯಕಾಂತಿ ಹೊಲಗಳ ಬಳಿ, ಅದೇ ಮೈಲಿಗಲ್ಲಿನ ಪಕ್ಕ, ನಾನು ಗಾಡಿ ನಿಲ್ಲಿಸುವವನಿದ್ದೇನೆ. ಬದಿಗೆ ತಳ್ಳಿ, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ಯಾರೂ ಪೊಲೀಸರಿಗೆ ಫೋನ್ ಮಾಡುವುದು ಬೇಡ. ಈ ಸಲ ನಾನು ಕಾಯುವುದು ಬರುವವರಿಗಾಗಿ. ದೊನ್ಕಾ ಬಂದು, ಗಾಡಿಗೆ ಏನೂ ಆಗಿಲ್ಲವೆಂದು ನೋಡಿ, ಚೆನ್ನಾಗಿ ಬೈಯುತ್ತಾಳೆ. ಬೈಯಿಸಿಕೊಂಡು ಮುಂದೆ ಹೋಗುತ್ತೇನೆ.

ಇಂತಿ,
ತಾರೀಕು ಗೊತ್ತಿದ್ದೂ ಹೇಳದ, ತನ್ನ ತಟ್ಟೆಯ ಮುಂದೆ ನಡೆದ ಶ್ರದ್ಧಾಂಜಲಿಗೆ ತಡವಾಗಿ ಹೋದ,
ರಂಗೆಲ್
ಸಾಲಿನಲ್ಲಿ ಕೊನೆಯಿಂದ ಎರಡನೆಯವನು