ಕುಂಕುಮ ಹಚ್ಚಿದ ಫಿಲ್ಟರ್

ಮೆಹದಿಪಟ್ಟಣಂ, ಹೈದರಾಬಾದ್
ಸೋಮವಾರ, 11 ನವೆಂಬರ್ 2024

ಪ್ರೀತಿಯ ಸ್ನೇಹಾ,

ಮೊದಲು ‘ಶ್ರೀಮತಿ ಸ್ನೇಹಲತಾ, ಇಂಜಿನಿಯರ್ ಅವರಿಗೆ’ ಎಂದು ಬರೆದು ಹಾಳೆ ಹರಿದೆ. ಆ ಹೆಸರಿಗೆ ಹೋಗಬೇಕಾದ ಕಾಗದವೆಲ್ಲ ನಮ್ಮ ಗಣಿ ಸುರಕ್ಷತೆಯ ಕಚೇರಿಯಿಂದಲೇ ಹೋಗುತ್ತದೆ. ಇದು ಕಲಬುರ್ಗಿಯ ಹಾಸ್ಟೆಲಿನಲ್ಲಿ ನನ್ನ ದುಪಟ್ಟಾಗಳನ್ನು ಕೇಳದೆ ಹೊದ್ದು ಹೋಗುತ್ತಿದ್ದ ಸ್ನೇಹಾಳಿಗೆ. ಫೋನಿಗೆ ನೀನು ಸಿಗುತ್ತಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಸ್ಪೀಡ್ ಪೋಸ್ಟಿನ ಕಾಗದವನ್ನಾದರೂ ಸಹಿ ಹಾಕಿ ತೆಗೆದುಕೊಳ್ಳಲೇಬೇಕಲ್ಲ, ಅದಕ್ಕೇ ಈ ಉಪಾಯ.

ಅವ್ವ ಆರಾಮ ಇದ್ದಾಳೆ. ದಿನಾ ಒಮ್ಮೆ, "ಸ್ನೇಹಾ ಯಾಕ ಫೋನ್ ಹಚ್ಚವಲ್ಲಳು, ಜಗಳಾಡೀರೇನು?" ಎಂದು ಕೇಳುತ್ತಾಳೆ. ಗಣಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎನ್ನುತ್ತೇನೆ. ಹಾಗಾದರೆ ಆಕೆ ಗಣಿಯೊಳಗೇ ಮನೆ ಮಾಡಿದ್ದಾಳೇನು ಎಂದಳು ನಿನ್ನೆ. ಸುಳ್ಳು ಹೇಳುವುದು ನಿಮ್ಮ ಗಣಿಯವರಷ್ಟು ಚೆನ್ನಾಗಿ ನನಗೆ ಬರುವುದಿಲ್ಲ. ನೋಡು, ಎರಡನೆಯ ಪ್ಯಾರಾದಲ್ಲೇ ಚುಚ್ಚಿಬಿಟ್ಟೆ. ತೆಗೆಯಬೇಕೆಂದರೆ ಮತ್ತೆ ಹಾಳೆ ಹರಿಯಬೇಕು, ಇರಲಿ ಬಿಡು.

ನಿನಗೆ ಗೊತ್ತಿರುವುದನ್ನೇ ಒಮ್ಮೆ ಹೇಳುತ್ತೇನೆ. ಪರೀಕ್ಷೆಗೆ ಬಂದ ದಿನ ನನ್ನ ಕಣ್ಣಿಗೆ ಏನು ಕಂಡಿತು ಎಂದು ನೀನು ಕೇಳಲೇ ಇಲ್ಲ. ಡೀಸೆಲ್ ಗಾಡಿಗಳ ಹೊಗೆ ಪರೀಕ್ಷೆಗೆ ನಿಮ್ಮ ಗಣಿಗೆ ಹೋಗಬೇಕು ಎಂದಾಗಲೇ ನಾನು ನಮ್ಮ ಕಾಶಿನಾಥ ಸಾಹೇಬರಿಗೆ, ಅಲ್ಲಿಯ ಇಂಜಿನಿಯರ್ ನನ್ನ ಗೆಳತಿ, ಬೇರೆ ಯಾರನ್ನಾದರೂ ಕಳಿಸಿ ಎಂದಿದ್ದೆ. ಬೇರೆ ಯಾರೂ ಖಾಲಿ ಇಲ್ಲ, ಗೆಳತಿಯಾದರೆ ನೀನು ಇನ್ನೂ ಕಟ್ಟುನಿಟ್ಟು ಮಾಡುತ್ತೀ ಎಂದು ನಕ್ಕು ಕಳಿಸಿದರು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು. ಸರಕಾರಿ ಜೀಪಿನಲ್ಲಿ ಹೋಗಿ ನಿನ್ನನ್ನು ನೋಡಿ ಬರಬಹುದಲ್ಲ.

ಬೆಳಿಗ್ಗೆ ಮೇಲಿನ ಶೆಡ್ಡಿನಲ್ಲಿ, ನಿಮ್ಮ ಎರಡು ಗಾಡಿಗಳಲ್ಲಿ ಮೊದಲನೆಯದನ್ನು ನೋಡಿದೆ. ಕೆಲಸದವರನ್ನು ಇಳಿಜಾರಿನಲ್ಲಿ ಕಲ್ಲಿದ್ದಲಿನ ತನಕ ಒಯ್ದು ತರುವ ಗಾಡಿ. ತೊಳೆದು, ಹಾರ ಹಾಕಿ ಮದುಮಗಳ ಹಾಗೆ ನಿಲ್ಲಿಸಿದ್ದಿರಿ. ಹೊಗೆ ಮೊದಲು ನೀರಿನ ತೊಟ್ಟಿಯೊಳಗೆ ಹಾಯ್ದು ಕಿಡಿ ಕಳೆದುಕೊಳ್ಳಬೇಕು, ಆಮೇಲೆ ಫಿಲ್ಟರಿನೊಳಗೆ ಹಾಯ್ದು ಮಸಿ ಕಳೆದುಕೊಳ್ಳಬೇಕು. ಎರಡೂ ಸರಿಯಾಗಿತ್ತು. ಮುಚ್ಚಳ ತೆಗೆಸಿದರೆ ಒಳಗೆ ಹೊಚ್ಚಹೊಸ ಫಿಲ್ಟರ್. ಅದರ ತಗಡಿನ ಅಂಚಿಗೆ ಅರಿಸಿನ, ಅರಿಸಿನದ ಮೇಲೆ ಸಾಲಾಗಿ ಕುಂಕುಮದ ಬೊಟ್ಟು. ಕೊನೆಯ ಬೊಟ್ಟಿಗೆ ಯಾರದೋ ಹೆಬ್ಬೆರಳು ತಾಗಿ ಬಾಲ ಮೂಡಿತ್ತು. ನಿಮ್ಮ ಮೆಕ್ಯಾನಿಕ್ ನರಸಿಂಹ ನಾಚಿಕೊಂಡು, "ಕೊತ್ತದಿ ಕದಾ ಮೇಡಂ, ಬೊಟ್ಟು ಪೆಟ್ಟಾಲಿ" ಎಂದ. ಹೊಸದಲ್ಲವೇ, ಬೊಟ್ಟು ಇಡಬೇಕು ಎಂದು. ಒಂದು ನಟ್ಟು ಬಂದರೂ ಬೊಟ್ಟಿಡದೆ ಗಾಡಿಗೆ ಹಾಕುವವನಲ್ಲ ಈತ ಎಂದು ನೀನೂ ಹೇಳಿದೆ. ನನಗೆ ಅವನು ಅಲ್ಲೇ ಇಷ್ಟವಾಗಿಬಿಟ್ಟ.

ಊಟದ ಬಿಡುವಿನ ನಂತರ ಗಣಿಯೊಳಗೆ ಎರಡನೆಯ ಗಾಡಿ. ಅದನ್ನು ಓಡಿಸುವ ಚಂದ್ರಾಮ ನನ್ನ ಮಾತು ಕೇಳಿದ್ದೇ, "ನೀವು ನಮ್ಮ ಕಡೆಯವರೇನ್ರಿ ಮೇಡಂ?" ಎಂದು ಕೇಳಿದ. ಆಳಂದದ ಕಡೆಯವನಂತೆ. ಹೊಗೆಯಿಂದ ತ್ರಾಸು ಇದೆಯೇ ಎಂದೆ. "ರೂಢಿ ಆಗೇತ್ರಿ. ಸಂಜಿಕ ತಲಿ ಭಾಳ ಸಿಡೀತೈತಿ, ಮ್ಯಾಲ ಬಂದು ಚಾ ಕುಡದರ ಹೋಗ್ತೈತ್ರಿ" ಎಂದ. ಮಾತಿನ ನಡುವೆ ಕೆಮ್ಮಿ, ಪಕ್ಕಕ್ಕೆ ತಿರುಗಿ ಉಗುಳಿದ. ಉಗುಳು ಕಪ್ಪಗಿತ್ತು. ಅಷ್ಟು ಹೊಗೆ ಕುಡಿದವನ ಗಾಡಿ ನನ್ನ ಹೊಗೆ ಅಳೆಯುವ ಯಂತ್ರದಲ್ಲಿ ಮಾತ್ರ ಅಂಗನವಾಡಿಯ ಮಗುವಿನಷ್ಟು ಶುದ್ಧವಾಗಿತ್ತು. ಅನುಮಾನ ಬಂದು ಮುಚ್ಚಳ ತೆಗೆಸಿದೆ. ಅದೇ ಅರಿಸಿನ, ಅದೇ ಬೊಟ್ಟುಗಳು, ಕೊನೆಯದಕ್ಕೆ ಅದೇ ಬಾಲ. ನಾನು ಆ ಬಾಲವನ್ನೇ ನೋಡುತ್ತ ನಿಂತೆ, ನೀನು ನನ್ನನ್ನೇ ನೋಡುತ್ತ ನಿಂತೆ.

ಮೇಲೆ ಬಂದು ಮೊದಲನೆಯ ಗಾಡಿಯ ಮುಚ್ಚಳ ಮತ್ತೆ ತೆಗೆಸಿದಾಗ ಒಳಗೆ ಏನೂ ಇರಲಿಲ್ಲ. ಇದ್ದ ಒಂದೇ ಫಿಲ್ಟರ್ ನನ್ನ ಊಟದ ಹೊತ್ತಿನಲ್ಲಿ ಕೆಳಗೆ ಹೋಗಿತ್ತು. ಫಿಲ್ಟರ್ ಇಲ್ಲದೆಯೇ ಗಾಡಿ ಚಾಲೂ ಮಾಡಿಸಿ ಹೊಗೆ ಅಳೆದೆ. ಏನು ಬಂತೆಂದು ನಿನಗೆ ಹೇಳಬೇಕಿಲ್ಲ, ನೀನೂ ಕರವಸ್ತ್ರ ಮೂಗಿಗೆ ಹಿಡಿದಿದ್ದೆ. ನರಸಿಂಹ ನೆಲ ನೋಡುತ್ತಿದ್ದ. ಮೋಸದ ಕೆಲಸಕ್ಕೂ ಬೊಟ್ಟಿಟ್ಟು ಕಳಿಸಿದ ಪುಣ್ಯಾತ್ಮ. ಮೋಸ ಮಾಡಿ ರೂಢಿ ಇದ್ದವನಾಗಿದ್ದರೆ ಬೊಟ್ಟು ಒರೆಸಿ ಒಯ್ಯುತ್ತಿದ್ದ.

ಎರಡೂ ಗಾಡಿಗಳಿಗೆ, ಓಡಿಸಬಾರದು ಎಂಬ ಕೆಂಪು ಚೀಟಿ ಅಂಟಿಸಿದೆ. ಆಗ ಎಲ್ಲರ ಮುಂದೆ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ನಾಳಿಂದ ಈ ಮಂದಿ ಮೊಣಕಾಲು ಹಿಡ್ಕೊಂಡು ನಡಕೋತ ಇಳೀಲಿ, ನಡಕೋತ ಏರಲಿ. ನೀ ಜೀಪಿನ್ಯಾಗ ಹೈದರಾಬಾದಿಗೆ ಹೋಗು, ಮಂದಾ." ಆಮೇಲೆ ನನ್ನನ್ನು ಗೇಟಿನ ತನಕವೂ ಕಳಿಸಲು ಬರಲಿಲ್ಲ.

ನೀನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆ ಏರು ನಾನೂ ಹತ್ತಿದ್ದೇನೆ. ಯುಗಾದಿಯಿಂದ ಫಿಲ್ಟರ್ ಕೇಳುತ್ತ ಬಂದಿದ್ದೀ, ದೀಪಾವಳಿ ಹೊತ್ತಿಗೆ ಮೇಲಿನವರು ಒಂದೇ ಒಂದು ಕಳಿಸಿ ಪರೀಕ್ಷೆ ಹೇಗಾದರೂ ದಾಟಿಸು ಎಂದರು ಎಂದು ಅವತ್ತು ನೀನೇ ಹೇಳಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಇಲ್ಲಿ ಕೂತು ಉತ್ತರ ಹೇಳುವುದು ಸುಲಭ, ಅದಕ್ಕೇ ಹೇಳುವುದಿಲ್ಲ. ಆದರೆ ಅವತ್ತು ಮನೆಗೆ ಬಂದು ಮೂಗು ಒರೆಸಿದರೆ ಕರವಸ್ತ್ರವೆಲ್ಲ ಮಸಿ. ಅವ್ವ ಅದನ್ನು ಸೋಪು ಹಾಕಿ ತಿಕ್ಕಿ, ಹೋಗದಾಗ ಎಸೆದಳು. ನಾನು ಅಲ್ಲಿದ್ದದ್ದು ಒಂದು ದಿನ. ಚಂದ್ರಾಮ ದಿನವೂ ಅಲ್ಲೇ ಇರುತ್ತಾನೆ.

ವರದಿ ಬರೆಯುವಾಗ, ಫಿಲ್ಟರ್ ಇರಲಿಲ್ಲ ಎಂದಷ್ಟೇ ಬರೆದು, ಒಂದೇ ಫಿಲ್ಟರನ್ನು ಎರಡೂ ಗಾಡಿಗೆ ತೋರಿಸಿದರು ಎಂಬ ಸಾಲು ಬಿಟ್ಟುಬಿಡೋಣ ಎಂದು ನನಗೆ ಬಹಳ ಅನಿಸಿತು. ಬಿಡಲಿಲ್ಲ. ನಿನ್ನ ಮೇಲಿನ ಸಿಟ್ಟಿನಿಂದ ಬರೆದೆ ಎಂದುಕೊಳ್ಳಬೇಡ. ಆ ಸಾಲು ಬಿಟ್ಟರೆ ಮುಂದಿನ ಪರೀಕ್ಷೆಗೂ ಅದೇ ಒಂದು ಫಿಲ್ಟರ್ ಬರುತ್ತದೆ, ಈ ಸಲ ಬೊಟ್ಟಿಲ್ಲದೆ.

ಈಗ ಮುಖ್ಯ ಮಾತು. ಶುಕ್ರವಾರ ವಿಚಾರಣೆಗೆ ನಿನ್ನನ್ನು ಕೂರಿಸುತ್ತಾರೆ. ನಿಮ್ಮ ಮೇಲಿನವರೊಬ್ಬರು ಕಾಶಿನಾಥ ಸಾಹೇಬರಿಗೆ ಫೋನ್ ಮಾಡಿ, ಇದೆಲ್ಲ ಮೆಕ್ಯಾನಿಕ್ ತನ್ನಷ್ಟಕ್ಕೆ ಮಾಡಿದ ಕೆಲಸ, ನಮ್ಮ ಇಂಜಿನಿಯರ್ ಮೇಡಂ ಕೂಡ ಹಾಗೇ ಬರೆದುಕೊಡುತ್ತಾರೆ ಎಂದರಂತೆ. ಸಾಹೇಬರು ಅದನ್ನು ನನಗೆ ಹೇಳಿದಾಗ, ಸ್ನೇಹಾ ಹಾಗೆ ಬರೆಯುವವಳಲ್ಲ ಎಂದು ಥಟ್ಟನೆ ಅಂದುಬಿಟ್ಟೆ. ಅಂದಮೇಲೆ ಹೆದರಿಕೆ ಶುರುವಾಯಿತು. ಆ ಗಣಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ನೀನು. ಹೆಂಗಸಿನ ಕೈಯಲ್ಲಿ ಗಾಡಿ ಕೊಟ್ಟರೆ ಹೀಗೇ ಎಂದು ಆಡಿಕೊಳ್ಳುವವರು ಬಾಯಿ ತೆರೆದೇ ನಿಂತಿದ್ದಾರೆ. ನರಸಿಂಹನ ಹೆಸರು ಹೇಳಿದರೆ ನಿನ್ನ ಕುರ್ಚಿ ಉಳಿಯುತ್ತದೆ. ನಿಜ ಹೇಳಿದರೆ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಯುತ್ತದೆ ಎಂದು ಭರವಸೆ ಕೊಟ್ಟು ನಿನ್ನನ್ನು ಪುಸಲಾಯಿಸುವುದು ನನಗೆ ಬೇಡ.

ಆದರೂ ಕೇಳುತ್ತೇನೆ, ನಿಜವನ್ನೇ ಹೇಳು. ಫಿಲ್ಟರ್ ಕೇಳಿದ್ದನ್ನು ಹೇಳು, ಕೊಡದಿದ್ದದ್ದನ್ನು ಹೇಳು, ದಾಟಿಸು ಎಂದವರನ್ನು ಹೇಳು, ದಾಟಿಸಲು ನೀನು ಒಪ್ಪಿದ್ದನ್ನೂ ಹೇಳು. ನರಸಿಂಹ ನಿನ್ನ ಮಾತಿಗೆ ಎದುರಾಡುವವನಲ್ಲ. ನೀನೇ ಹೇಳಿದರೆ ತಪ್ಪು ತನ್ನದೇ ಎಂದು ಹೆಬ್ಬೆಟ್ಟು ಒತ್ತಿ ಕೊಡುತ್ತಾನೆ. ಅದೇ ನನಗೆ ಹೆದರಿಕೆ. ಬೇರೆಯವರು ಸುಳ್ಳು ಹೇಳಿದರೆ ಸಿಟ್ಟು ಬರುತ್ತದೆ, ನೀನು ಹೇಳಿದರೆ ನನಗೆ ಅಳು ಬರುತ್ತದೆ. ನಗಬೇಡ.

ಮೊನ್ನೆ ಕಾಚಿಗೂಡದ ಅಂಗಡಿಯಲ್ಲಿ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ ಸಿಕ್ಕಿತು. ನಿನಗೂ ಒಂದು ಪೊಟ್ಟಣ ತೆಗೆದಿಟ್ಟಿದ್ದೇನೆ. ಅವ್ವ ನಿನ್ನನ್ನು ಕೇಳಿದ್ದಾಳೆ. ಬಿಸಿನೀರು ಕುಡಿ, ಕೆಳಗೆ ಇಳಿಯುವಾಗ ಮೂಗಿಗೆ ದಪ್ಪನೆಯ ಮಾಸ್ಕ್ ಹಾಕು. ನಿನ್ನ ಶ್ವಾಸಕೋಶವೂ ಚಂದ್ರಾಮನದರ ಹಾಗೆಯೇ ಮಾಂಸದ್ದು.

ಸಿಟ್ಟು ಇಳಿಯದಿದ್ದರೂ ಗೆಳತಿಯೇ ಆಗಿರುವ
ನಿನ್ನ ಮಂದಾ
(ಮಂದಾಕಿನಿ)

ತಾ.ಕ.: ನಿಮ್ಮ ಕಡೆಯ ಗಣಿಗಳ ಪರೀಕ್ಷೆಯ ಕೆಲಸವನ್ನು ಇವತ್ತು ಬೆಳಿಗ್ಗೆ ಬಿಟ್ಟುಕೊಟ್ಟೆ. ಈ ಕಾಗದ ಬರೆಯುತ್ತೇನೆ ಎಂದೂ ಕಾಶಿನಾಥ ಸಾಹೇಬರಿಗೆ ಹೇಳಿಯೇ ಬಂದಿದ್ದೇನೆ. ಇನ್ನು ಮೇಲೆ ಅಲ್ಲಿಗೆ ಬೇರೆಯವರು ಬರುತ್ತಾರೆ, ನಾನು ಇಲ್ಲೇ ಲ್ಯಾಬಿನಲ್ಲಿ ಕೂರುತ್ತೇನೆ. ಕೇಳಿ ಪಡೆದಿದ್ದ ಕೆಲಸ, ಬೇಜಾರಂತೂ ಆಗಿದೆ. ಆದರೆ ಪರೀಕ್ಷಕಳಾಗಿದ್ದಷ್ಟು ದಿನ ನಿನ್ನ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯುವ ಹಾಗಿರಲಿಲ್ಲ. ಶನಿವಾರ ಸಿಕಂದರಾಬಾದಿನಿಂದ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಶುಕ್ರವಾರ ನಿಜ ಹೇಳಿದ್ದರೆ, ಕುರ್ಚಿ ಉಳಿದಿರಲಿ ಬಿಡಲಿ, ಎರಡು ದಿನ ನಿನ್ನ ಮನೆಯಲ್ಲೇ ಇದ್ದು ಉಂಡು ಬರುತ್ತೇನೆ. ನರಸಿಂಹನ ಹೆಸರು ಹೇಳಿದ್ದರೂ ಬರುತ್ತೇನೆ. ಆಗ ನಿನ್ನನ್ನು ಬಾಗಿಲಲ್ಲೇ ನಿಂತು ಮಾತಾಡಿಸಿ, ಅವನ ಮನೆಗೆ ಹೋಗುತ್ತೇನೆ.