ಸದ್ದು ಮಾಡದ ಆಟಿಕೆ

ಆಗಸ್ಟ್ 4, ಸೋಮವಾರ. ಸಂಜೆ

ಮೊದಲಿಗೆ ಸಾರಿ. ಯಾರಿಗೆ ಅಂತ ಗೊತ್ತಿಲ್ಲ. ಬೋರ್ಡಿಂಗ್ ಸ್ಕೂಲಿನಲ್ಲಿ ನಮ್ಮ ಡೈರಿಗಳನ್ನು ಸಿಸ್ಟರ್ ಓದುತ್ತಿದ್ದರು. ಮೊದಲ ಸಾಲಿನಲ್ಲೇ ಕ್ಷಮೆ ಕೇಳಿಬಿಡುವುದು ಅಭ್ಯಾಸವಾಗಿದೆ. ಇಲ್ಲಿ ಯಾರೂ ಓದುವುದಿಲ್ಲ. ಆದರೂ ಸಾರಿ. ಬರೆಯುವಷ್ಟು ದೊಡ್ಡ ವಿಷಯವೂ ಅಲ್ಲ — ನನ್ನ ಉಗುರಿನದು.

ಇವತ್ತು ಫಿಲಂ ಸ್ಕೂಲಿನಲ್ಲಿ ಸೌಂಡ್ ಲ್ಯಾಬ್. ಬೆಳಿಗ್ಗೆ ಕಾಲುವೆ ದಡದಲ್ಲಿ ನಾವೇ ರೆಕಾರ್ಡ್ ಮಾಡಿ ತಂದದ್ದನ್ನು ಕುರುವಿಳ ಸರ್ ಎಲ್ಲರಿಗೂ ಹೆಡ್‌ಫೋನ್ ಹಾಕಿಸಿ ಕೇಳಿಸಿದರು. ದೋಣಿ. ಕಾಗೆ. ಯಾರೋ ಬಟ್ಟೆ ಒಗೆಯುವುದು. ನಡುವೆ — ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್.

"ಇದ್ಯಾವ ಹಕ್ಕಿ?" ಅಂದರು ಸರ್.

ಎಲ್ಲರೂ ಯೋಚಿಸಿದರು. ನಾನೂ ಯೋಚಿಸಿದೆ, ಪ್ರಾಮಾಣಿಕವಾಗಿ. ಮರಕುಟಿಗ ಇರಬಹುದು ಅಂದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಶ್ರೀರಾಗ್ ಹೆಡ್‌ಫೋನ್ ತೆಗೆದ. ಹೊರಗೂ ಅದೇ ಟಕ್. ನನ್ನ ಕೈ ನೋಡಿದ.

"ಸರ್, ಹಕ್ಕಿ ಇಲ್ಲೇ ಕೂತಿದೆ."

ಹೆಬ್ಬೆರಳಿನ ಉಗುರನ್ನು ತೋರುಬೆರಳಿನ ಉಗುರಿನ ಕೆಳಗೆ ಸಿಕ್ಕಿಸಿ ಚಿಮ್ಮಿಸುವುದು. ಐದನೇ ಕ್ಲಾಸಿನಿಂದ ಇದೆಯಂತೆ. ಬೆಳಿಗ್ಗೆ ದಡದಲ್ಲೂ ಮಾಡಿದ್ದೆ, ಈಗಲೂ. ನನಗೆ ಗೊತ್ತಾಗುವುದೇ ಇಲ್ಲ. ಸೌಂಡ್ ಕಲಿಯಲು ಬಂದವಳು...

ಕ್ಲಾಸ್ ಮುಗಿದ ಮೇಲೆ ಸರ್ ಕರೆದರು. ಬಯ್ಯಲಿಲ್ಲ, ಮಗಳೇ ಅಂತಲೇ ಮಾತಾಡಿದರು. ಅದೇ ಕಷ್ಟ. "ಟ್ರೀಸಾ, ಮೋಳೇ, ಬೂಮ್ ಹಿಡಿಯೋರ ಮೈಯಿಂದ ಸದ್ದು ಬರಬಾರದು. ಓಣಂ ಮುಗಿದ ಮೇಲೆ ಮೊದಲನೇ ಶೂಟು. ಅಷ್ಟರಲ್ಲಿ ಸರಿ ಮಾಡ್ಕೋ. ಆಗಲಿಲ್ಲ ಅಂದ್ರೆ ಡಬ್ಬಿಂಗ್ ಬ್ಯಾಚಿಗೆ ಹಾಕ್ತೀನಿ. ಅದೇನೂ ಕೀಳಲ್ಲ."

ಕೀಳಲ್ಲ, ಗೊತ್ತು. ಆದರೆ ಕಿಟಕಿಯಿಲ್ಲದ ಕೋಣೆ. ನಾನು ಬಂದದ್ದು ಹೊರಗೆ ನಿಂತು, ಬೂಮ್ ಅನ್ನುವ ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ, ಊರನ್ನು ಕೇಳುವುದಕ್ಕೆ.

ಆಗಸ್ಟ್ 6, ಬುಧವಾರ

ಇಡೀ ದಿನ ಕೈ ಮೇಲೆ ಕೂತೆ. ಸಿಸ್ಟರ್ ಕಲಿಸಿದ ಉಪಾಯ. ಉಗುರು ಸುಮ್ಮನಾಯಿತು. ಆದರೆ ಕ್ಲಾಸಿನಲ್ಲಿ ಏನು ಹೇಳಿದರು ಅಂತ ಒಂದು ಪದವೂ ಗೊತ್ತಿಲ್ಲ. ಕೈ ಕಟ್ಟಿದರೆ ಕಿವಿಯೂ ಮುಚ್ಚುತ್ತದೆ. ಯಾಕೆ? ಇದನ್ನು ಯಾರನ್ನು ಕೇಳಬೇಕು?

ಮೆಸ್ಸಿನಲ್ಲಿ ಹೊಸ ಹೆಸರು ಬಿದ್ದಿದೆ. ಹಲ್ಲಿ. ಶ್ರೀರಾಗ್ ತಟ್ಟೆಯ ಪುಟ್ಟು ಮುರಿಯುತ್ತಾ, "ಈ ಸಲ ಬೆಸ್ಟ್ ಡೈರೆಕ್ಟರ್ ನಾನೇ" ಅಂದ. ನನ್ನ ಬೆರಳು — ಟಕ್. "ನೋಡಿದ್ರಾ? ಹಲ್ಲಿ ಲೊಚಗುಟ್ತು. ಮಾತು ಸತ್ಯ." ಎಲ್ಲರೂ ನಕ್ಕರು. ನಾನೂ ನಕ್ಕೆ. ತಮಾಷೆಯಾಗಿಯೇ ಇತ್ತು. ಅದೇ ಬೇಜಾರು.

ಆಗಸ್ಟ್ 9, ಶನಿವಾರ

ಒಂದು ಯೋಚನೆ. ನಿಲ್ಲಿಸುವುದು ಬೇಡ. ಬದಲಾಯಿಸಿದರೆ? ಬೆರಳಿಗೆ ಬೇರೆ ಕೆಲಸ, ಸದ್ದಿಲ್ಲದ್ದು. ನನ್ನ ಹತ್ತಿರ ರೆಕಾರ್ಡರ್ ಇದೆ. ಊಹಿಸುವ ಅಗತ್ಯವೇ ಇಲ್ಲ. ಅಳೆಯಬಹುದು.

ರೂಮ್‌ಮೇಟ್ ರಮ್ಲಾ ಎಡಿಟಿಂಗ್ ಬ್ಯಾಚಿನವಳು. ಬಟ್ಟೆಯ ಅಲಮಾರಿಯೊಳಗೆ ಇಬ್ಬರೂ ತುರುಕಿಕೊಂಡು ಕೂತೆವು, ಮಡಿಲಲ್ಲಿ ಮೈಕ್. ಒಂದೊಂದೇ ವಸ್ತುವನ್ನು ಅದರ ಮುಂದೆ ಆಡಿಸುವುದು, ಹೆಸರು ಹೇಳಿ ರೆಕಾರ್ಡ್ ಮಾಡುವುದು.

ಆನ್‌ಲೈನಿನಲ್ಲಿ ತರಿಸಿದ, ಬೆರಳಲ್ಲಿ ಒತ್ತಿ ಆಡುವ ಗುಂಡಿಗಳ ಡಬ್ಬಿ. ಹೆಸರಿಗೆ ಸೈಲೆಂಟ್. ಮೈಕಿನಲ್ಲಿ ಗುಂಡು ಹಾರಿದಂತಿದೆ.

ರಮ್ಲಾ: "ಇವನಿಗೆ ಮಾತು ಜಾಸ್ತಿ. ಬೇಡ. ಮುಂದಿನ ಗಂಡನ್ನ ಒಳಗೆ ಕಳ್ಸಿ."

ತಿರುಗುವ ಚಕ್ರ — ಗೊರಕೆ ಹೊಡೆಯುತ್ತದೆ. ರಬ್ಬರ್ ಬ್ಯಾಂಡ್ — ಡುಂಯ್. ("ಸಂಗೀತ ಬರುತ್ತೆ, ಆದ್ರೆ ಕೆಲಸ ಇಲ್ಲ.") ತೆಂಗಿನ ನಾರಿನ ಹಗ್ಗದ ತುಂಡು — ಕರಕರ, ಯಾರೋ ಹಪ್ಪಳ ತಿನ್ನುವ ಹಾಗೆ. ಗುಲಗಂಜಿಯಂಥ ಕೆಂಪು ಮಂಜಾಡಿ ಬೀಜ ಒಂದೇ ಆದರೆ ಪರವಾಗಿಲ್ಲ, ಎರಡಾದರೆ ಜಗಳ. ಗೋಡೆಗೆ ಚಿತ್ರ ಅಂಟಿಸುವ ನೀಲಿ ಅಂಟು — ಸದ್ದಿಲ್ಲ, ಆದರೆ ಉಗುರೊಳಗೆ ಹೋಗುತ್ತದೆ, ಪುಟ್ಟು ರುಚಿ ಕೆಡುತ್ತದೆ.

ಕೊನೆಗೆ ಹೋಲಿಕೆಗೆ ಇರಲಿ ಅಂತ ನನ್ನ ಉಗುರನ್ನೂ ರೆಕಾರ್ಡ್ ಮಾಡಿದೆ. ಮೊದಲ ಸಲ ಗಮನವಿಟ್ಟು ಕೇಳಿದ್ದು. ಒಣ ಸದ್ದು. ಚಿಕ್ಕದು. ಹುಟ್ಟಿದ ಕೂಡಲೇ ಸಾಯುತ್ತದೆ. ಅಂಥ ಕೆಟ್ಟದ್ದೇನೂ ಅಲ್ಲ.

ಆಗಸ್ಟ್ 14, ಗುರುವಾರ. ಮಧ್ಯಾಹ್ನ

ಸಿಕ್ಕಿತು ಅನ್ನಿಸುತ್ತದೆ.

ಗಾಳಿ ಬಡಿಯದಂತೆ ಮೈಕಿಗೆ ಹಾಕುವ ತುಪ್ಪಳದ ಟೋಪಿ ಇದೆಯಲ್ಲ. ಹರಿದದ್ದೊಂದು ಲ್ಯಾಬಿನ ಕಸದಲ್ಲಿತ್ತು. ಸರ್ ಹತ್ತಿರ ಕೇಳಿದೆ. "ತಗೋ. ಬೆಕ್ಕು ಸಾಕ್ತೀಯಾ?" ಅಂದರು. ತುಂಡು ಕತ್ತರಿಸಿ ಬೆರಳಲ್ಲಿ ಹೊಸೆದೆ. ರೆಕಾರ್ಡರಿನ ಮೀಟರ್ ಅಲುಗಲೇ ಇಲ್ಲ. ಗಾಳಿಯನ್ನೇ ಸುಮ್ಮನಿರಿಸುವ ವಸ್ತು, ನನ್ನ ಬೆರಳು ಯಾವ ಲೆಕ್ಕ.

ಆದರೆ ಮೆತ್ತಗಿರುವುದು ಉಗುರಿಗೆ ಸಾಲದು. ಅದಕ್ಕೆ ಏನಾದರೂ ಎದುರಾಡಬೇಕು. ಒಂದು ಮಂಜಾಡಿ ಬೀಜ ಒಳಗಿಟ್ಟು ಹೊಲಿದೆ. ಒತ್ತಿದರೆ ಜಾರುತ್ತದೆ, ಮತ್ತೆ ಸಿಗುತ್ತದೆ, ಮತ್ತೆ ಜಾರುತ್ತದೆ. ಎರಡು ಕ್ಲಾಸ್ ಪೂರ್ತಿ ಕೇಳಿಸಿತು. ಪಕ್ಕದವರಿಗೆ ಏನೂ ಕೇಳಿಸಲಿಲ್ಲ.

ಸಂಜೆ

ಕತ್ತೆ ನಾನು. ಬೂಮ್ ಹಿಡಿಯಲು ಎರಡೂ ಕೈ ಬೇಕು.

ಸೆಪ್ಟೆಂಬರ್ 3, ಬುಧವಾರ. ಮನೆ, ಓಣಂ ರಜೆ

ಇಷ್ಟು ದಿನ ಬರೆಯಲಿಲ್ಲ. ಬೂಮಿನ ಕೋಲಿಗೇ ತುಪ್ಪಳ ಸುತ್ತಿ ನೋಡಿದೆ. ಬೆರಳಾಡಿದ್ದೆಲ್ಲ ಕೋಲಿನ ಮೂಲಕ ಮೈಕಿಗೆ ಹತ್ತಿ ಗುಡುಗಾಯಿತು. ಹೊಸ ಯೋಚನೆ ಬರಲಿಲ್ಲ. ಬರೆಯಲು ಮನಸ್ಸೂ ಬರಲಿಲ್ಲ.

ಇಲ್ಲಿ ಜೇಡರ ಬಲೆ ತೆಗೆಯುವ ಉದ್ದ ಪೊರಕೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅಭ್ಯಾಸ. ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ಫೀಸು ಕಟ್ಟಿ ಓದಿಸ್ತಿದ್ದೀವಿ. ಬಂದು ಪೊರಕೆ ಹಿಡ್ಕೊಂಡು ನಿಂತಿದ್ದಾಳೆ. ಗುಡಿಸೋದೂ ಇಲ್ಲ."

ತೋಳು ನೋಯುತ್ತಿತ್ತು, ಬೆರಳು ತುರಿಸುತ್ತಿತ್ತು. ಕೆಳಗೆ ನೋಡಿದರೆ ಕಾಲ್ಬೆರಳುಗಳು ತಮ್ಮ ಪಾಡಿಗೆ ಚಾಪೆಯ ಅಂಚನ್ನು ಹಿಡಿದು ಬಿಡುತ್ತಿದ್ದವು. ಕಾಲು ಅನ್ನುವುದೊಂದಿದೆ ಅಂತ ಮರೆತೇಬಿಟ್ಟಿದ್ದೆ.

ತುಪ್ಪಳದ ತುಂಡನ್ನು ಸಾಕ್ಸಿನೊಳಗೆ ಹೆಬ್ಬೆರಳಿನ ಕೆಳಗಿಟ್ಟೆ. ಪೊರಕೆ ಎತ್ತಿದೆ. ನೆಲದ ಮೇಲೆ ರೆಕಾರ್ಡರ್ ಇಟ್ಟೆ.

ಏನೂ ಇಲ್ಲ. ಅಮ್ಮನ ಕುಕ್ಕರ್ ಮಾತ್ರ.

ಸೆಪ್ಟೆಂಬರ್ 17, ಬುಧವಾರ

ಶೂಟ್ ಆಯಿತು. ಹಳೆಯ ನಾರಿನ ಗೋದಾಮು. ಅಣ್ಣ ತಮ್ಮ ಜಗಳವಾಡುವ ದೃಶ್ಯ, ಡೈರೆಕ್ಟರ್ ಶ್ರೀರಾಗ್. ನಾನು ಬೂಮ್. ಹೆಡ್‌ಫೋನ್ ಹಾಕಿ, ಸಾಕ್ಸಿನಲ್ಲಿ ಗುಟ್ಟು ಇಟ್ಟು ನಿಂತೆ. ಒಂದು ಟೇಕೂ ಸೌಂಡಿಗಾಗಿ ಕೆಡಲಿಲ್ಲ.

ಕೊನೆಗೆ ರೂಮ್ ಟೋನ್. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ, ಉಸಿರು ಬಿಗಿಹಿಡಿದು ನಿಲ್ಲಬೇಕು. ಆ ಜಾಗದ ಬರೀ ಮೌನವನ್ನು ರೆಕಾರ್ಡ್ ಮಾಡುವುದು. ಮಾತುಗಳ ನಡುವಿನ ಖಾಲಿಗೆ ಎಡಿಟಿಂಗಿನಲ್ಲಿ ಅದನ್ನೇ ಹಾಸುತ್ತಾರೆ. ನನಗೆ ಇಡೀ ಕೋರ್ಸಿನಲ್ಲಿ ಭಯ ಇದ್ದದ್ದು ಇದೊಂದರದ್ದೇ. ಶ್ರೀರಾಗ್ ಬೆನ್ನ ಹಿಂದೆಯೇ ನಿಂತಿದ್ದ. ಕಾಲ್ಬೆರಳು ಬೀಜವನ್ನು ಜಾರಿಸಿತು, ಹಿಡಿಯಿತು. ಪಾರಿವಾಳದ ಕಾಲಿನ ಗೀರು ಕೇಳಿಸಿತು. ದೂರದ ಕಾಲುವೆ. ಯಾರದೋ ಹೊಟ್ಟೆ. ಬಿಸಿಲಿಗೆ ಚಾವಣಿಯ ಶೀಟು ಒಮ್ಮೆ ಟಿಕ್ ಅಂದಿತು. ಮೌನ ಇಷ್ಟು ತುಂಬಿಕೊಂಡಿರುತ್ತದೆ ಅಂತ ಗೊತ್ತಿರಲಿಲ್ಲ.

ಖುಷಿ. ಇಷ್ಟೇ ಬರೆಯುತ್ತೇನೆ.

ಸೆಪ್ಟೆಂಬರ್ 19, ಶುಕ್ರವಾರ

ರಮ್ಲಾ ಆ ರೂಮ್ ಟೋನನ್ನು ಮತ್ತೆ ಮತ್ತೆ ಜೋಡಿಸಿ ಇಡೀ ದೃಶ್ಯದ ಅಡಿಗೆ ಹಾಸಿದ್ದಳು. ಕ್ಲಾಸಿನ ದೊಡ್ಡ ಸ್ಪೀಕರಿನಲ್ಲಿ ಎಲ್ಲರೂ ಕೇಳಿದೆವು. ಟಿಕ್. ಮತ್ತೆ ಅದೇ ಅಂತರದಲ್ಲಿ ಟಿಕ್. ಮತ್ತೆ ಟಿಕ್.

ತೆರೆಯ ಮೇಲೆ ತಮ್ಮ ಕಣ್ಣೀರು ಹಾಕುತ್ತಾ, "ನಾನು ನಿನಗೆ ಮೋಸ ಮಾಡಿಲ್ಲ" ಅಂದ. ಟಿಕ್.

"ಸತ್ಯ!" ಹಿಂದಿನ ಬೆಂಚಿನಿಂದ ಯಾರೋ.

ಆಮೇಲೆ ದೃಶ್ಯ ಯಾರೂ ನೋಡಲಿಲ್ಲ. ನನ್ನನ್ನೇ ನೋಡಿದರು. ಶ್ರೀರಾಗ್ ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಸರ್, ಬೇರೆಯವರನ್ನ ಕೊಡಿ ಅಂತ ನಾನು ಮೊದಲೇ ಕೇಳಿದ್ದೆ. ನನ್ನ ಫಿಲಂ ಹಾಳಾಯ್ತು."

ಸರ್ ಕನ್ನಡಕ ತೆಗೆದು ಒರೆಸಿದರು. "ಸೋಮವಾರ ಬೆಳಿಗ್ಗೆ ನನ್ನ ರೂಮಿಗೆ ಬಾ, ಟ್ರೀಸಾ. ಡಬ್ಬಿಂಗ್ ಬ್ಯಾಚಿಗೆ ಹೆಸರು ಬರೆಸೋಣ."

ನಾನು ಏನಂದೆ? ಸಾರಿ ಅಂದೆ.

ಸೆಪ್ಟೆಂಬರ್ 20, ಶನಿವಾರ

ಅಳು ಮುಗಿದ ಮೇಲೆ ಒಂದು ಅನುಮಾನ. ಕೈ ಬೂಮಿನ ಮೇಲಿತ್ತು. ಎರಡೂ. ಹಾಗಾದರೆ ಉಗುರು ಹೇಗೆ?

ಅಲಮಾರಿಯಲ್ಲಿ ಮಾಡಿದ ರೆಕಾರ್ಡಿಂಗ್ ತೆಗೆದೆ. ನನ್ನ ಟಕ್, ರೂಮ್ ಟೋನಿನ ಟಿಕ್, ಒಂದರ ಹಿಂದೆ ಒಂದು. ನನ್ನದು ಒಣ. ಇದಕ್ಕೆ ಸಣ್ಣ ಬಾಲವಿದೆ, ಗುಂಯ್ ಅನ್ನುತ್ತದೆ. ಲೋಹ. ಶೀಟೂ ಅಲ್ಲ, ಅಷ್ಟು ಮೇಲಿನಿಂದ ಬಂದದ್ದಲ್ಲ. ಹತ್ತಿರದ್ದು. ಹಿಂದಿನದು.

ಎಲ್ಲ ಟೇಕುಗಳನ್ನೂ ಮೊದಲಿನಿಂದ ಕೇಳಿದೆ. ಕತ್ತರಿಸಿ ಬಿಸಾಡುವ ಭಾಗ, ಜಗಳ ಶುರುವಾಗುವ ಮೊದಲಿನದು. ಟಿಕ್... "ಆ್ಯಕ್ಷನ್." ಮುಂದಿನ ಟೇಕ್. ಟಿಕ್... "ಆ್ಯಕ್ಷನ್." ಒಂದರಲ್ಲೂ ತಪ್ಪಿಲ್ಲ. ಶ್ರೀರಾಗ್ ಊಟಕ್ಕೆ ಹೋಗಿದ್ದಾಗ ಸುಮ್ಮನೆ ತೆಗೆದ ಗೋದಾಮಿನ ಶಾಟಿನಲ್ಲಿ ಮಾತ್ರ ಇಲ್ಲ.

ಮಧ್ಯಾಹ್ನ ಮೆಸ್ಸಿನಲ್ಲಿ ಅವನನ್ನೇ ನೋಡುತ್ತಾ ಕೂತೆ. ಮೀನು ಸಾರು, ಜೋಕು, ದೊಡ್ಡ ಗಂಟಲು. ಕೈ ಸುಮ್ಮನಿತ್ತು. ಆಗ ಬಾಗಿಲಲ್ಲಿ ಸರ್ ಬಂದರು. ಅವನ ಹೆಬ್ಬೆರಳು ಸ್ಟೀಲ್ ವಾಚಿನ ಕೊಕ್ಕೆ ಬಿಚ್ಚಿತು, ಮುಚ್ಚಿತು. ಟಿಕ್. ಅವನು ಕೆಳಗೆ ನೋಡಲೇ ಇಲ್ಲ. ಅವನಿಗೆ ಗೊತ್ತೇ ಇಲ್ಲ.

ಹಾಗಾದರೆ ಪ್ರತಿ ಆ್ಯಕ್ಷನ್‌ಗೂ ಮುಂಚೆ ಅವನಿಗೆ ಭಯವಾಗುತ್ತಿತ್ತಾ? ಅವನಿಗೂ?

ರಮ್ಲಾಗೆ ಕೇಳಿಸಿದೆ. ಕುಣಿದಳು. "ಈಗಲೇ ಗ್ರೂಪಿಗೆ ಹಾಕೇ. ಹಲ್ಲಿ ಯಾರು ಅಂತ ಎಲ್ಲರೂ ಕೇಳ್ಲಿ." ಫೋನ್ ಕಿತ್ತುಕೊಳ್ಳಲು ಬಂದಳು. ಕೊಡಲಿಲ್ಲ. ಹಕ್ಕಿ ಇಲ್ಲೇ ಕೂತಿದೆ ಅಂದಾಗ ಇಡೀ ಲ್ಯಾಬ್ ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿತ್ತಲ್ಲ, ಆ ಹೊತ್ತು ಯಾರಿಗೂ ಬೇಡ.

"ಹಾಗಾದ್ರೆ ಹೋಗಿ ಡಬ್ಬಿಂಗ್ ರೂಮಲ್ಲಿ ಕೂತ್ಕೋ, ಪುಣ್ಯವತಿ" ಅಂದಳು ರಮ್ಲಾ.

ಅದೂ ಆಗುವುದಿಲ್ಲ.

ಸೆಪ್ಟೆಂಬರ್ 21, ಭಾನುವಾರ. ಬೆಳಿಗ್ಗೆ

ಫೋನಿನಲ್ಲಿ ಬರೆದರೆ ಅಳಿಸಿ ಅಳಿಸಿ ಕೊನೆಗೆ ಸಾರಿ ಒಂದೇ ಉಳಿಯುತ್ತದೆ. ಅದಕ್ಕೆ ಮೊದಲು ಇಲ್ಲಿ. ಸಾರಿ ಹಾಕಬಾರದು.

ಶ್ರೀರಾಗ್, ಇದರ ಜೊತೆ ಒಂದು ಆಡಿಯೋ ಇದೆ, ಒಬ್ಬನೇ ಇದ್ದಾಗ ಹೆಡ್‌ಫೋನ್ ಹಾಕ್ಕೊಂಡು ಕೇಳು. ಮೊದಲು ನನ್ನ ಉಗುರು, ಆಮೇಲೆ ನಿನ್ನ ಟೇಕುಗಳು. ರೂಮ್ ಟೋನಲ್ಲಿ ಇರೋದು ನಿನ್ನ ವಾಚಿನ ಕೊಕ್ಕೆ. ನಿಂಗೆ ಗೊತ್ತಿರ್ಲಿಕ್ಕಿಲ್ಲ. ನನಗೂ ನಂದು ಗೊತ್ತಿರ್ಲಿಲ್ಲ. ಬೇರೆ ಯಾರಿಗೂ ಕಳ್ಸಿಲ್ಲ. ರಮ್ಲಾಗೆ ಮಾತ್ರ ಗೊತ್ತು, ಅವಳು ಹೇಳಲ್ಲ. ಟಿಕ್ ಇಲ್ಲದ ತುಂಡು ಹುಡುಕಿ ಅವಳಿಗೆ ಕೊಟ್ಟಿದ್ದೀನಿ, ಫಿಲಂ ಹಾಳಾಗಿಲ್ಲ. ಆದ್ರೆ ನಾನು ಡಬ್ಬಿಂಗಿಗೆ ಹೋಗಲ್ಲ. ನಾಳೆ ಬೆಳಿಗ್ಗೆ ನನಗಿಂತ ಮುಂಚೆ ಸರ್ ರೂಮಿಗೆ ನೀನು ಹೋಗಿ ಹೇಳ್ತೀಯಾ, ಇಲ್ಲ ನಾನೇ ಕೇಳಿಸ್ಲಾ? ತುಪ್ಪಳ ಇನ್ನೊಂದು ತುಂಡು ಇದೆ, ಬೀಜ ಇಟ್ಟು ಹೊಲಿದಿದ್ದೀನಿ. ಜೇಬಲ್ಲಿಟ್ರೆ ಯಾರಿಗೂ ಗೊತ್ತಾಗಲ್ಲ. ಬೇಕಾ ಅಂತ ಬೇಗ ರಿಪ್ಲೈ ಮಾಡು.